ಘಮ ಹಿಡಿದ ಮೇಣ

ಮೈಸೂರಿನ ಕುವೆಂಪುನಗರದಲ್ಲಿ ಚಿಕ್ಕಮ್ಮನ ಮನೆ. ಮಧ್ಯಾಹ್ನದ ಊಟ ಮುಗಿದು ಒಗ್ಗರಣೆಯ ವಾಸನೆ ಪೂರ್ತಿ ಹೋಗುವವರೆಗೂ ಅವಳು ಒಲೆಯ ಕಡೆ ಸುಳಿಯುವುದಿಲ್ಲ. ಹಿತ್ತಲ ಬಾಗಿಲು ತೆರೆದು, ಅಡುಗೆಕಟ್ಟೆ ಒರೆಸಿ, ಹಳೆಯ ಪೇಪರ್ ಹಾಸಿದ ಮೇಲೆ ಸಾಮಾನು ಒಂದೊಂದಾಗಿ ಹೊರಗೆ ಬರುತ್ತದೆ. ಡಿಜಿಟಲ್ ತಕ್ಕಡಿ, ಮೂತಿಯಿರುವ ಅಲ್ಯೂಮಿನಿಯಂ ಜಗ್, ಉದ್ದ ಕಡ್ಡಿಯ ಥರ್ಮಾಮೀಟರ್, ಆರಾರು ಗುಳಿಗಳ ಪ್ಲಾಸ್ಟಿಕ್ ಅಚ್ಚುಗಳು, ಕಂದು ಗಾಜಿನ ಪುಟ್ಟ ಶೀಶೆಗಳು. ಇವುಗಳಲ್ಲಿ ಒಂದೂ ಮತ್ತೆ ಅಡುಗೆಗೆ ಬಳಕೆಯಾಗುವುದಿಲ್ಲ. ಅವಕ್ಕೆ ಬೇರೆಯೇ ಡಬ್ಬ, ಬೇರೆಯೇ ಗೂಡು.

ಅವಳು ಮಾಡುವುದು ವ್ಯಾಕ್ಸ್ ಮೆಲ್ಟ್, ಅಂದರೆ ಬತ್ತಿಯಿಲ್ಲದ ಸುಗಂಧದ ಮೇಣದ ಬಿಲ್ಲೆ. ಬರ್ನರಿನ ಬಟ್ಟಲಲ್ಲಿ ಬಿಲ್ಲೆ ಇಟ್ಟು ಕೆಳಗೆ ಟೀ ಲೈಟ್ ಹಚ್ಚಿದರೆ, ಇಲ್ಲವೇ ಕರೆಂಟಿನ ವಾರ್ಮರ್ ಮೇಲೆ ಇಟ್ಟರೆ, ಮೇಣ ಕರಗಿ ಒಳಗಿನ ಪರಿಮಳ ಕೋಣೆಗೆ ಹಬ್ಬುತ್ತದೆ. ಮೇಣ ಉರಿಯುವುದಿಲ್ಲ. ಘಮ ತೀರಿದ ಮೇಲೂ ಅದು ಬಟ್ಟಲಲ್ಲಿ ಹಾಗೇ ಉಳಿದಿರುತ್ತದೆ.

ಚೀಲ ಬಿಚ್ಚಿದರೆ ಹಾಲುಬಿಳುಪಿನ ಚಕ್ಕೆಗಳು. ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು. ವನಸ್ಪತಿ ತಯಾರಾಗುವುದೂ ಇದೇ ಕ್ರಮದಲ್ಲಿ. ಅರ್ಧ ಕಿಲೋ ತೂಗಿ ಜಗ್ಗಿಗೆ ಸುರಿದು, ಜಗ್ಗನ್ನು ಕುದಿನೀರಿನ ಪಾತ್ರೆಯಲ್ಲಿ ಇಳಿಸುತ್ತಾಳೆ. ನೇರ ಉರಿಯ ಮೇಲೆ ಮೇಣ ಇಡುವುದು ಈ ಮನೆಯಲ್ಲಿ ನಿಷಿದ್ಧ. ಮೊದಲು ಜಗ್ಗಿನ ಅಂಚಿಗೆ ತಾಗಿದ ಚಕ್ಕೆಗಳು ಒದ್ದೆಯಾದಂತೆ ಹೊಳೆಯುತ್ತವೆ. ಆಮೇಲೆ ನಡುವಿನ ರಾಶಿ ಸದ್ದಿಲ್ಲದೆ ಕುಸಿದು ತಳದ ದ್ರವದಲ್ಲಿ ಮುಳುಗುತ್ತದೆ. ಕೊನೆಯ ಚಕ್ಕೆ ಕರಗುವಷ್ಟರಲ್ಲಿ ಬಿಳುಪು ಪೂರ್ತಿ ಹೋಗಿ, ತಿಳಿಯಾದ ಹೊಂಬಣ್ಣದ ಎಣ್ಣೆ ನಿಂತಿರುತ್ತದೆ. ಥರ್ಮಾಮೀಟರ್ 80 ಡಿಗ್ರಿ ತೋರಿಸಿದ ಕೂಡಲೇ ಒಲೆ ಆರಿಸುತ್ತಾಳೆ.

"ಈಗ ಮಾತಾಡಿಸಬೇಡ ಕಣೇ" ಅನ್ನುತ್ತಾಳೆ. ಶೀಶೆಯ ಸುಗಂಧವನ್ನು ತಕ್ಕಡಿಯ ಮೇಲೇ ಹನಿಹನಿಯಾಗಿ ಬಸಿಯಬೇಕು. 500 ಗ್ರಾಂ ಮೇಣಕ್ಕೆ ನೂರಕ್ಕೆ ಎಂಟರಂತೆ 40 ಗ್ರಾಂ. ಚಮಚದ ಅಳತೆ ಇಲ್ಲಿ ನಡೆಯದು, ಏಕೆಂದರೆ ಒಂದೊಂದು ಎಣ್ಣೆಯ ಸಾಂದ್ರತೆ ಒಂದೊಂದು ಥರ. ಹೆಚ್ಚು ಹಾಕಿದರೆ ಘಮ ಹೆಚ್ಚಾದೀತು ಅನ್ನುವುದೂ ತಪ್ಪು. ಮೇಣ ತಾನು ಹಿಡಿದಿಟ್ಟುಕೊಳ್ಳುವಷ್ಟನ್ನೇ ಹಿಡಿಯುತ್ತದೆ, ಮಿಕ್ಕಿದ್ದು ಬಿಲ್ಲೆಯ ಮೈಮೇಲೆ ಬೆವರಿನಂತೆ ಒಸರುತ್ತದೆ. ಗುಳ್ಳೆ ಏಳದ ಹಾಗೆ ಎರಡು ನಿಮಿಷ ನಿಧಾನವಾಗಿ ಕದಡಿ, ಬಿಸಿ 60ರ ಆಸುಪಾಸಿಗೆ ಇಳಿದ ಮೇಲೆ ಅಚ್ಚಿಗೆ ಸುರಿಯುತ್ತಾಳೆ. ಗುಳಿಯ ಅಂಚಿನಿಂದ ಒಳಮುಖವಾಗಿ ಮೇಣ ಮತ್ತೆ ಬೆಳ್ಳಗಾಗುತ್ತಾ ಬರುವುದನ್ನು ನೋಡುತ್ತಾ ಕೂರಬಹುದು.

ಶೀಶೆಗಳ ಆಯ್ಕೆಯಲ್ಲಿ ಅವಳದು ಕಟ್ಟುನಿಟ್ಟು. ಮೈಸೂರಿನವಳಾಗಿ ಗಂಧ ಬಿಟ್ಟರೆ ಹೇಗೆ? ಇಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದೇ 1916ರಲ್ಲಿ. ಆದರೆ ಅಸಲಿ ಶ್ರೀಗಂಧದ ಎಣ್ಣೆಯನ್ನು ನೂರಕ್ಕೆ ಎಂಟರಂತೆ ಮೇಣಕ್ಕೆ ಸುರಿದರೆ ಆ ಬಿಲ್ಲೆಯ ಬೆಲೆಯನ್ನು ಯಾರೂ ತೆರಲಾರರು. ಅವಳ ಶೀಶೆಯಲ್ಲಿರುವುದು ಪ್ರಯೋಗಾಲಯದಲ್ಲಿ ಕೂಡಿಸಿದ ಗಂಧ. ಅದಕ್ಕೇ ಚೀಟಿಯ ಮೇಲೆ "ಗಂಧದ ಪರಿಮಳ" ಎಂದಷ್ಟೇ ಬರೆಯುತ್ತಾಳೆ, "ಶ್ರೀಗಂಧದ ಎಣ್ಣೆ" ಎಂದು ಬರೆಯುವುದಿಲ್ಲ. ಮಲ್ಲಿಗೆಯೂ ಅಷ್ಟೇ. ಆ ಹೂ ಭಟ್ಟಿಯ ಬಿಸಿ ತಡೆಯದು. ದ್ರಾವಕ ಬಳಸಿ ತೆಗೆದ ಸಾರ ಬಲು ದುಬಾರಿ. ಈ ಪ್ರಾಮಾಣಿಕತೆ ನನಗೆ ಅವಳ ಬಿಲ್ಲೆಗಳಷ್ಟೇ ಇಷ್ಟ.

ಇಷ್ಟೆಲ್ಲ ಒಂದು ಮಧ್ಯಾಹ್ನದ ಕೆಲಸ, ಯಾರು ಬೇಕಾದರೂ ಕಲಿಯಬಹುದು. ಕಸುಬು ಇರುವುದು ಪರೀಕ್ಷೆಯಲ್ಲಿ. ಸೋಯಾ ಮೇಣದಲ್ಲಿ ಪರಿಮಳ ಚೆನ್ನಾಗಿ ಕೂರಲು ಒಂದೆರಡು ವಾರ ಹಿಡಿಯುತ್ತದೆ. ಅದಕ್ಕೇ ನಡುಮನೆಯ ಬೀರುವಿನಲ್ಲಿ ತಾರೀಖು ಬರೆದ ಅಚ್ಚುಗಳು ಸಾಲಾಗಿ ಕಾಯುತ್ತಿರುತ್ತವೆ. ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವುದೊಂದು, ಕರಗಿದ ಮೇಲೆ ಕೋಣೆ ತುಂಬುವುದು ಇನ್ನೊಂದು. ತಣ್ಣಗಿದ್ದಾಗ ಅಮಲೇರಿಸುವ ಬಿಲ್ಲೆ ಬಟ್ಟಲಲ್ಲಿ ಸಪ್ಪೆಯಾಗುವುದುಂಟು. ಕಿತ್ತಳೆ, ನಿಂಬೆಹುಲ್ಲಿನ ಅಣುಗಳು ಹಗುರ. ಬೇಗ ಏಳುತ್ತವೆ, ಬೇಗ ಖಾಲಿಯಾಗುತ್ತವೆ. ಗಂಧ ತಡವಾಗಿ ಏಳುತ್ತದೆ, ಸಂಜೆ ಕಳೆದರೂ ಇರುತ್ತದೆ. ವೆನಿಲ್ಲಾ ಹಾಕಿದ ಬಿಲ್ಲೆ ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಹಾಳಾದದ್ದಲ್ಲ, ವೆನಿಲಿನ್ ಗುಣವೇ ಹಾಗೆ.

ಪರೀಕ್ಷೆ ಎರಡು ಸಲ ನಡೆಯುತ್ತದೆ. ಒಮ್ಮೆ ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ, ಇನ್ನೊಮ್ಮೆ ಹಾಲಿನಲ್ಲಿ, ಫ್ಯಾನ್ ತಿರುಗುತ್ತಿರುವಾಗ. ಈ ಎರಡನೆಯದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಈ ಕಸುಬಿನ ಪಾಠಗಳು ಬಹುಮಟ್ಟಿಗೆ ಚಳಿ ದೇಶಗಳಿಂದ ಬಂದವು. ಬಾಗಿಲು ಕಿಟಕಿ ಬಿಗಿದ ಕೋಣೆ ಅಲ್ಲಿನ ರೂಢಿ. ನಮ್ಮಲ್ಲಿ ಕಿಟಕಿ ತೆರೆದಿರುತ್ತದೆ, ತಲೆ ಮೇಲೆ ಫ್ಯಾನ್ ಇರುತ್ತದೆ, ಘಮ ನಿಲ್ಲುವ ಮೊದಲೇ ಬೀದಿ ಸೇರುತ್ತದೆ. ಹಾಲಿನಲ್ಲಿ ಗೆದ್ದ ಬಿಲ್ಲೆಗೆ ಮಾತ್ರ ಚಿಕ್ಕಮ್ಮ ಚೀಟಿ ಅಂಟಿಸುತ್ತಾಳೆ.

ತೀರ್ಪು ಕೊಡುವವರು ಪಕ್ಕದ ಮನೆಯ ಅಜ್ಜಿ. ಮಾಡಿದವರ ಮೂಗು ಆ ವಾಸನೆಗೆ ಆಗಲೇ ಒಗ್ಗಿಹೋಗಿ ಏನನ್ನೂ ಗುರುತಿಸದು. ಹೊರಗಿನಿಂದ ಬಂದ ಮೂಗೇ ಬೇಕು. ಬಟ್ಟಲು ಕಾದು ಅರ್ಧ ಗಂಟೆಯಾದ ಮೇಲೆ ಅಜ್ಜಿಗೆ ಕರೆ ಹೋಗುತ್ತದೆ. ಹೊಸ್ತಿಲು ದಾಟುತ್ತಲೇ ಅವರು ನಿಂತು ಉಸಿರೆಳೆಯುತ್ತಾರೆ.

"ಸಂಪಿಗೆ ಮಾಡಿದ್ದೀಯೇನಮ್ಮಾ?"

"ಹೌದಜ್ಜಿ. ಹೇಗಿದೆ?"

"ಸಂಪಿಗೆ ಅಂತ ಗೊತ್ತಾಗುತ್ತೆ. ಆದರೆ ಮರದ ಕೆಳಗೆ ನಿಂತ ಹಾಗಿಲ್ಲ, ಸೋಪು ಹಚ್ಚಿಕೊಂಡ ಹಾಗಿದೆ."

ಚಿಕ್ಕಮ್ಮ ಆ ಮಾತನ್ನು ಇದ್ದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಆ ಸಲದ ಸಂಪಿಗೆ ಮಾರಾಟಕ್ಕೆ ಹೋಗಲಿಲ್ಲ, ಬಚ್ಚಲುಮನೆಯ ಗೂಡು ಸೇರಿತು.

ಬೇಸಿಗೆಗೆ ಇನ್ನೊಂದು ಪರೀಕ್ಷೆಯಿದೆ. ಲೋಟದ ಕ್ಯಾಂಡಲಿಗೆಂದು ಮಾಡಿದ ಮೆದು ಸೋಯಾ ಮೇಣ 50 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ರಾಯಚೂರಿನಲ್ಲಿ ಏಪ್ರಿಲ್ ಬಿಸಿಲು 40 ದಾಟುತ್ತದೆ, ಮುಚ್ಚಿದ ಕೊರಿಯರ್ ವ್ಯಾನಿನೊಳಗೆ ಅದಕ್ಕಿಂತ ಹೆಚ್ಚು. ಅಲ್ಲಿಗೆ ಕಳಿಸುವ ಬಿಲ್ಲೆಗೆ ಸ್ವಲ್ಪ ಜೇನುಮೇಣ ಬೆರೆಸುತ್ತಾಳೆ. ಅದು ಕರಗಲು 62 ಡಿಗ್ರಿಯಾದರೂ ಬೇಕು. ಆದರೆ ಜೇನುಮೇಣಕ್ಕೆ ತನ್ನದೇ ವಾಸನೆಯಿದೆ, ಮೆಲುದನಿಯ ಹೂಗಳನ್ನು ಅದು ಮುಚ್ಚಿಬಿಡುತ್ತದೆ. ಹಾಗಾಗಿ ರಾಯಚೂರಿಗೆ ಹೋಗುವುದು ಗಂಧ, ದಾಲ್ಚಿನ್ನಿಯಂಥ ಗಟ್ಟಿ ಪರಿಮಳಗಳು.

ನೀವು ಬಳಸುವವರಾದರೆ ಒಂದೆರಡು ಮಾತು. ಘಮ ತೀರಿದ ಮೇಣವನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹತ್ತಿಯಲ್ಲಿ ಹೀರಿಸಿ ಕಸಕ್ಕೆ ಹಾಕಿ. ಮನೆಯಲ್ಲಿ ಬೆಕ್ಕು, ಪಂಜರದ ಹಕ್ಕಿ ಇದ್ದರೆ ಇದನ್ನು ಹಚ್ಚದಿರುವುದೇ ಲೇಸು; ಕೆಲವು ಸುಗಂಧ ತೈಲಗಳು ಅವಕ್ಕೆ ವಿಷ. ಸೋಯಾ ಮೇಣದ ಬಿಲ್ಲೆ ಕೊಳ್ಳುವಾಗ ಬಣ್ಣ, ಆಕಾರ ನೋಡುವ ಮೊದಲು ಸುರಿದ ತಾರೀಖು ಕೇಳಿ. ಎರಡು ವಾರ ಆಗಿರದಿದ್ದರೆ ಮನೆಗೆ ತಂದು ಮುಚ್ಚಿಟ್ಟು, ಆಮೇಲೆ ಹಚ್ಚಿ.