ಗುಲಗಂಜಿ ಹುಳುವಿಗೆ ಗುಲಗಂಜಿ ಹುಳುವೇ ಶತ್ರು

ಪ್ರಶ್ನೆ: ಇಂಗ್ಲೆಂಡಿನಲ್ಲಿ ಮಗಳ ಮನೆಯ ಕಿಟಕಿ ಸಂದಿಯಲ್ಲಿ ಚಳಿಗಾಲಕ್ಕೆ ಗುಲಗಂಜಿ ಹುಳುಗಳು ರಾಶಿ ಕೂತಿದ್ದವು. ‘ಇವು ಪರದೇಶದವು, ತೋಟಕ್ಕೆ ಕೇಡು’ ಎಂದರು ನೆರೆಯವರು. ಸಸ್ಯಹೇನು ತಿನ್ನುವ ಹುಳುವಿನಿಂದಲೂ ಕೇಡೇ?

ಉತ್ತರ: ಅವರು ಹೇಳಿದ್ದು ಹಾರ್ಲೆಕ್ವಿನ್ ಎಂಬ ಜಾತಿಯ ಬಗ್ಗೆ ಇರಬೇಕು. ತವರು ಚೀನಾ, ಜಪಾನ್ ಕಡೆ. ಸಸ್ಯಹೇನಿನ ಹತೋಟಿಗೆಂದು ಯುರೋಪಿನವರೇ ದುಡ್ಡು ಕೊಟ್ಟು ತರಿಸಿದರು. ಬ್ರಿಟನ್ನಿಗೆ ಮಾತ್ರ ಅದು ಕರೆಯದೆಯೇ 2004ರಲ್ಲಿ ಬಂತು. ತರಿಸಲು ಕಾರಣವಾದ ಹೊಟ್ಟೆಬಾಕತನವೇ ಈಗ ತಲೆನೋವು. ಹೇನು ಸಾಲದಾದಾಗ ಅದು ಅಲ್ಲಿನ ಗುಲಗಂಜಿ ಹುಳುಗಳ ಮೊಟ್ಟೆ, ಮರಿಗಳಿಗೇ ಬಾಯಿ ಹಾಕುತ್ತದೆ. ಪ್ರತಿಯಾಗಿ ಇದರ ಮೊಟ್ಟೆ ತಿಂದವಕ್ಕೂ ಅಪಾಯ ಇರಬಹುದು: ಇದರ ಮೈಯಲ್ಲಿರುವ ಸೂಕ್ಷ್ಮ ಪರೋಪಜೀವಿ ಇದಕ್ಕೆ ಏನೂ ಮಾಡದು, ಏಳು ಚುಕ್ಕೆಯ ಹುಳುವನ್ನು ಕೊಲ್ಲಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಹೆಚ್ಚು ಪೆಟ್ಟು ತಿಂದದ್ದು ಎರಡು ಚುಕ್ಕೆಯ ಹುಳು. ಹಾರ್ಲೆಕ್ವಿನ್ ಬಂದ ಐದು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಶೇ. 44ರಷ್ಟು ಕುಸಿಯಿತು.

ಹಾಗಂತ ಮಗಳು ಕಂಡದ್ದನ್ನೆಲ್ಲ ಹೊಸಕಿಹಾಕುವುದು ಬೇಡ. ಹಾರ್ಲೆಕ್ವಿನ್‌ಗೆ ಕೆಂಪು, ಕಿತ್ತಳೆ, ಕಪ್ಪು ಹೀಗೆ ಹತ್ತಾರು ವೇಷ; ಗುರುತು ತಪ್ಪುವುದು ಸುಲಭ. ಎರಡು ಚುಕ್ಕೆಯದ್ದೂ ಚಳಿಗೆ ಅದೇ ಕಿಟಕಿ ಸಂದಿಯನ್ನೇ ಹುಡುಕಿ ಬರುತ್ತದೆ.