ಸೆಲರಿ ಬೆಳೆ: ಕೈ ಹಾಕುವ ಮುಂಚೆ ಲೆಕ್ಕ ಹಾಕಿ

ಈಸ್ಟ್ ಬ್ರನ್ಸ್‌ವಿಕ್ ಸುತ್ತಮುತ್ತಲಿನ ನಮ್ಮ ಜನ ಟ್ಯಾಕ್ಸ್ ಕಾಗದ ತಂದುಕೊಡುವಾಗ ಆಗಾಗ ಕೇಳುವ ಒಂದು ಮಾತಿದೆ: "ಇಲ್ಲೇ ಒಂದೆರಡು ಎಕರೆ ಲೀಸ್‌ಗೆ ಹಿಡಿದು ತರಕಾರಿ ಬೆಳೆದರೆ ಹೇಗೆ?" ಊರಲ್ಲಿ ಹೊಲ ಬಿಟ್ಟು ಬಂದವರಿಗೆ ಈ ಆಸೆ ಸಹಜ. ಅಂಗಡಿಯಲ್ಲಿ ಸೆಲರಿ ಕಟ್ಟಿನ ಬೆಲೆ ನೋಡಿದರೆ ಆಸೆ ಇನ್ನೂ ಜಾಸ್ತಿ ಆಗುತ್ತೆ. ನಾನು ಲೆಕ್ಕ ಬರೆಯುವವನು, ರೈತನಲ್ಲ. ಆದರೂ ಕೂಡಿಟ್ಟ ದುಡ್ಡು ಮಣ್ಣಿಗೆ ಹಾಕುವ ಮುಂಚೆ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಂದು ಕಡೆ ಇಟ್ಟಿದ್ದೇನೆ.

ಇದು ಎಂಥಾ ಬೆಳೆ?

ಸೆಲರಿ ಮೂಲದಲ್ಲಿ ಜೌಗು ನೆಲದ ಗಿಡ. ಬೇರು ಆಳಕ್ಕೆ ಇಳಿಯಲ್ಲ, ಹಾಗಾಗಿ ಮೇಲ್ಮಣ್ಣು ಸದಾ ತೇವವಾಗಿರಬೇಕು. ಮಿಷಿಗನ್ನಿನ ಕಲಮಜೂ ಊರಿಗೆ 'ಸೆಲರಿ ಸಿಟಿ' ಅಂತ ಹೆಸರು ಬಂದಿದ್ದು 19ನೇ ಶತಮಾನದಲ್ಲಿ. ಅಲ್ಲಿಗೆ ವಲಸೆ ಬಂದ ಡಚ್ಚರು ಜೌಗಿನ ನೀರು ಬಸಿದು, ಆ ಕಪ್ಪು ಮಣ್ಣಿನಲ್ಲಿ ಇದನ್ನು ಬೆಳೆದರು. ಈಗ ಅಮೆರಿಕದ ಸೆಲರಿಯಲ್ಲಿ ಬಹುಪಾಲು ಕ್ಯಾಲಿಫೋರ್ನಿಯಾದಿಂದಲೇ ಬರುತ್ತೆ. ನಮ್ಮ ದೇಶದಲ್ಲಿ ಪಂಜಾಬಿನ ಅಮೃತಸರದ ಕಡೆ ಇದನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಅಂದರೆ ಇಲ್ಲಿ ನೀವು ಪೈಪೋಟಿ ಮಾಡಬೇಕಾಗಿರುವುದು ಪಕ್ಕದ ಹೊಲದವರ ಜೊತೆ ಅಲ್ಲ, ಕ್ಯಾಲಿಫೋರ್ನಿಯಾದಿಂದ ಬರುವ ಟ್ರಕ್ಕಿನ ಜೊತೆ.

ಸಸಿಯಿಂದ ಕೊಯ್ಲಿನವರೆಗೆ

ಬೀಜ ರಾಗಿಗಿಂತಲೂ ಸಣ್ಣದು. ಒಂದು ಪೌಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬೀಜ ಇರುತ್ತವೆ. ಮೊಳೆಯಲು ಎರಡು ಮೂರು ವಾರ ಬೇಕು. ಬೆಳಕು ಬಿದ್ದರೇ ಚೆನ್ನಾಗಿ ಮೊಳೆಯುವುದು, ಹಾಗಾಗಿ ಮಣ್ಣಿನಲ್ಲಿ ಆಳವಾಗಿ ಮುಚ್ಚಬಾರದು. ಗ್ರೀನ್‌ಹೌಸಿನಲ್ಲಿ ಎರಡರಿಂದ ಮೂರು ತಿಂಗಳು ಸಸಿ ಬೆಳೆಸಿ ಆಮೇಲೆ ಹೊಲಕ್ಕೆ ನಾಟಿ ಮಾಡಬೇಕು. ನಾಟಿಯಾದ ಮೇಲೆ ಕೊಯ್ಲಿಗೆ ಇನ್ನೂ ಮೂರರಿಂದ ನಾಲ್ಕು ತಿಂಗಳು. ಒಟ್ಟು ಐದಾರು ತಿಂಗಳು ದುಡ್ಡು ಹೋಗುತ್ತಲೇ ಇರುತ್ತೆ, ಒಂದು ಡಾಲರೂ ಬರಲ್ಲ.

ಸಸಿಗೆ ಹತ್ತು ದಿನ ಅಥವಾ ಹೆಚ್ಚು ಕಾಲ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿನ ಚಳಿ ತಾಗಿದರೆ, ಆಮೇಲೆ ಗಿಡ ದಂಟು ಕೊಡುವ ಬದಲು ಹೂ ಬಿಟ್ಟುಬಿಡುತ್ತೆ. ಅಂಥದ್ದನ್ನು ಯಾರೂ ಕೊಳ್ಳಲ್ಲ. ಆದ್ದರಿಂದ ನ್ಯೂಜೆರ್ಸಿಯಲ್ಲಿ ವಸಂತದ ಚಳಿ ಕಳೆಯುವವರೆಗೆ ನಾಟಿಗೆ ಆತುರ ಬೇಡ. ಜುಲೈ, ಆಗಸ್ಟಿನ ಬಿಸಿಲೂ ಇದಕ್ಕೆ ಆಗಿಬರಲ್ಲ.

ನೀರಿನ ಲೆಕ್ಕ ನೋಡಿ. ವಾರಕ್ಕೆ ಕನಿಷ್ಠ ಒಂದು ಇಂಚು ನೀರು ಬೇಕು. ಒಂದು ಎಕರೆಗೆ ಒಂದು ಇಂಚು ಅಂದರೆ ಸುಮಾರು 27,000 ಗ್ಯಾಲನ್. ಮನೆಯ ಕೊಳವೆಯಿಂದ ಆಗುವ ಕೆಲಸ ಅಲ್ಲ. ನೀರು ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ ಆದರೆ ಗಿಡದ ಎಳೆ ಎಲೆಗಳಿಗೆ ಕ್ಯಾಲ್ಸಿಯಂ ತಲುಪಲ್ಲ, ನಡುವಿನ ಸುಳಿ ಕಪ್ಪಾಗಿ ಕೊಳೆಯುತ್ತೆ. ಮೇಲಿಂದ ಮೇಲೆ ಎಲೆ ಒದ್ದೆಯಾಗಿದ್ದರೆ ಎಲೆಚುಕ್ಕೆ ರೋಗ ಹರಡುತ್ತೆ.

ಒಂದು ಎಕರೆಯ ಗಣಿತ

ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 8 ಇಂಚು ಬಿಟ್ಟರೆ ಎಕರೆಗೆ 21,780 ಗಿಡ ಹಿಡಿಯುತ್ತವೆ. ನೂರಕ್ಕೆ 20 ಹಾಳಾದವು ಅಂದುಕೊಳ್ಳಿ. ಉಳಿದದ್ದು 17,424. ಪೆಟ್ಟಿಗೆಗೆ 24ರಂತೆ ತುಂಬಿದರೆ 726 ಪೆಟ್ಟಿಗೆ.

ಈಗ ಖರ್ಚು ಬರೆಯಿರಿ: ಲೀಸ್, ಸಸಿ, ಗೊಬ್ಬರ, ನೀರು, ಔಷಧಿ, ಕೂಲಿ, ಪೆಟ್ಟಿಗೆ, ಶೈತ್ಯಾಗಾರ, ಸಾಗಾಟ. ಲೆಕ್ಕ ತೋರಿಸುವುದಕ್ಕಷ್ಟೇ ಒಟ್ಟು 8,712 ಡಾಲರ್ ಅಂತ ಹಿಡಿಯೋಣ. ಪೆಟ್ಟಿಗೆಗೆ 12 ಡಾಲರ್ ಬಿತ್ತು. ರೋಗ ಬಂದು ಅರ್ಧ ಪೆಟ್ಟಿಗೆ ಮಾತ್ರ ಕೈಗೆ ಸಿಕ್ಕರೆ? ಕೊಯ್ಲಿನ ಕೂಲಿ, ಪೆಟ್ಟಿಗೆಯ ದುಡ್ಡು ಸ್ವಲ್ಪ ಉಳಿದೀತು. ಮಿಕ್ಕ ಖರ್ಚು ಆಗಲೇ ಆಗಿಹೋಗಿದೆ. ಪೆಟ್ಟಿಗೆಯ ಅಸಲು ಸುಮಾರು ದುಪ್ಪಟ್ಟಿನ ಹತ್ತಿರ ಹೋಗುತ್ತೆ, ಮಂಡಿಯವರು ಕೊಡುವ ಬೆಲೆ ಮಾತ್ರ ನಿಮ್ಮ ನಷ್ಟ ನೋಡಿ ಏರಲ್ಲ. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ, ಒಂದು ಸಲ ಒಳ್ಳೆ ವರ್ಷಕ್ಕೆ, ಒಂದು ಸಲ ಕೆಟ್ಟ ವರ್ಷಕ್ಕೆ ಇದೇ ಲೆಕ್ಕ ಮಾಡಿ. ಕೆಟ್ಟ ವರ್ಷದ ನಷ್ಟ ಮನೆ ಬಾಡಿಗೆಗೆ ಕೈ ಹಾಕುವಂತಿದ್ದರೆ ಇಳಿಯಬೇಡಿ.

ಮೊದಲ ವರ್ಷ ನಾಲ್ಕೈದು ಸಾಲು ಮಾತ್ರ ಹಾಕಿ ನೋಡುವುದು ಮೇಲು. ತೆಳು ದಂಟಿನ ಚೈನೀಸ್ ಸೆಲರಿ ಬೇಗ ಬರುತ್ತೆ, ಇಷ್ಟು ನಾಜೂಕೂ ಅಲ್ಲ. ಮಂಚೂರಿ, ಫ್ರೈಡ್ ರೈಸ್ ಮಾಡುವ ಹೋಟೆಲಿನವರನ್ನೂ ಏಷ್ಯನ್ ಅಂಗಡಿಯವರನ್ನೂ ಬಿತ್ತುವ ಮೊದಲೇ ಕೇಳಿಟ್ಟುಕೊಳ್ಳಿ. ಮಣ್ಣಿನ ಪರೀಕ್ಷೆಯನ್ನು ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಮಾಡಿಕೊಡುತ್ತೆ. ಪ್ರತಿ ಕೌಂಟಿಯಲ್ಲೂ ಅವರ ಕೃಷಿ ಸಲಹಾ ಕಚೇರಿ ಇದೆ.

ಲೀಸ್, ಟ್ಯಾಕ್ಸ್, ವೀಸಾ

ನ್ಯೂಜೆರ್ಸಿಯಲ್ಲಿ 1964ರ ಫಾರ್ಮ್‌ಲ್ಯಾಂಡ್ ಅಸೆಸ್‌ಮೆಂಟ್ ಕಾಯ್ದೆ ಪ್ರಕಾರ, ಕನಿಷ್ಠ 5 ಎಕರೆ ಬೇಸಾಯದಲ್ಲಿದ್ದು, ಆ ಮೊದಲ 5 ಎಕರೆಯಿಂದ ವರ್ಷಕ್ಕೆ 1,000 ಡಾಲರಿನ ಮಾರಾಟ ಆಗಿದ್ದರೆ ಜಮೀನಿನ ಮಾಲೀಕರಿಗೆ ಆಸ್ತಿ ತೆರಿಗೆ ತುಂಬಾ ಕಡಿಮೆಯಾಗುತ್ತೆ. ಅಂದರೆ ನಿಮ್ಮ ಬೆಳೆಯಿಂದ ಅವರಿಗೂ ಲಾಭ ಇದೆ. ಲೀಸ್ ಮಾತಾಡುವಾಗ ಇದು ನೆನಪಿರಲಿ, ಕರಾರು ಬರವಣಿಗೆಯಲ್ಲೇ ಇರಲಿ.

ಬೇಸಾಯದ ಆದಾಯ, ಖರ್ಚು ಫೆಡರಲ್ ರಿಟರ್ನಿನ ಶೆಡ್ಯೂಲ್ ಎಫ್‌ನಲ್ಲಿ ಬರುತ್ತೆ. ನಿವ್ವಳ ಲಾಭದ ಮೇಲೆ ಆದಾಯ ತೆರಿಗೆ ಅಲ್ಲದೆ 15.3 ಶೇಕಡಾ ದರದ ಸ್ವಯಂ ಉದ್ಯೋಗ ತೆರಿಗೆಯೂ ಇದೆ. ಪ್ರತಿ ರಸೀದಿ ಜೋಪಾನ ಮಾಡಿ.

ಎಚ್-1ಬಿಯಲ್ಲಿ ಇರುವವರು ತಮಗಾಗಿ ಅರ್ಜಿ ಹಾಕಿದ ಕಂಪನಿಯಲ್ಲಿ ಮಾತ್ರ ದುಡಿಯಬಹುದು. ಸ್ವಂತ ಹೊಲದಲ್ಲಿ ಬೆಳೆದು ಮಾರುವುದೂ ದುಡಿಮೆ ಅಂತಲೇ ಆದೀತು. ಹಿತ್ತಲಲ್ಲಿ ಮನೆ ಅಡುಗೆಗೆ ಬೆಳೆದುಕೊಳ್ಳಲು ಅಡ್ಡಿಯಿಲ್ಲ. ಮಾರುವ ಯೋಚನೆ ಇದ್ದರೆ ವಲಸೆ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಬೇರೆಯವರ ಹೊಲದಲ್ಲಿ ಕೊಯ್ಲಿಗೆ ಹೋಗುವವರಿಗೆ

ಸೆಲರಿ ರಸ ಮೈಗೆ ತಾಗಿ, ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಬೊಕ್ಕೆ ಏಳುತ್ತೆ. ಒಂದೆರಡು ದಿನ ಕಳೆದು ಕಾಣಿಸುವುದರಿಂದ ಕಾರಣ ಗೊತ್ತಾಗಲ್ಲ, ಆಮೇಲೆ ಕಪ್ಪು ಕಲೆ ಬಹುಕಾಲ ಉಳಿಯುತ್ತೆ. ಕೊಳೆರೋಗ ಬಂದ ಗಿಡದ ರಸದಲ್ಲಿ ಈ ಗುಣ ಇನ್ನೂ ಜಾಸ್ತಿ. ಕೈಗವಸು, ತುಂಬುತೋಳಿನ ಅಂಗಿ ಹಾಕಿ, ರಸ ತಾಗಿದ ಕಡೆ ತಕ್ಷಣ ಸೋಪಿನಿಂದ ತೊಳೆಯಿರಿ. ಬೊಕ್ಕೆ ಬಂದರೆ ಫೋಟೋ ತೆಗೆದಿಟ್ಟು, ಮಾಲೀಕರಿಗೆ ತಿಳಿಸಿ, ಡಾಕ್ಟರಿಗೆ 'ಸೆಲರಿ ಕೊಯ್ಲು ಮಾಡಿದೆ' ಅಂತ ಹೇಳಿ. ಕೆಲಸದಿಂದ ಆದ ಗಾಯಕ್ಕೆ ವರ್ಕರ್ಸ್ ಕಾಂಪೆನ್ಸೇಷನ್ ಇದೆ.

ಪೆಟ್ಟಿಗೆ ಲೆಕ್ಕದಲ್ಲಿ ಕೂಲಿ ಕೊಟ್ಟರೂ ಅದು ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಆಗುವಂತಿಲ್ಲ. 2025ರಲ್ಲಿ ನ್ಯೂಜೆರ್ಸಿಯ ಹೊಲದ ಕೆಲಸಕ್ಕೆ ಅದು 13.40 ಡಾಲರ್ ಇತ್ತು. ಆ ದರದಲ್ಲಿ 10 ಗಂಟೆಗೆ 134 ಡಾಲರ್. ಪೆಟ್ಟಿಗೆಗೆ ಒಂದೂವರೆ ಡಾಲರಿನಂತೆ 80 ಪೆಟ್ಟಿಗೆ ತುಂಬಿದರೆ ಆಗುವುದು 120. ಉಳಿದ 14 ಡಾಲರನ್ನು ಮಾಲೀಕರು ಸೇರಿಸಿ ಕೊಡಬೇಕು. ದರ ವರ್ಷ ವರ್ಷ ಏರುತ್ತೆ, ಆ ವರ್ಷದ್ದು ಕೇಳಿ ತಿಳಿದುಕೊಳ್ಳಿ. ಎಷ್ಟು ಗಂಟೆ, ಎಷ್ಟು ಪೆಟ್ಟಿಗೆ ಅಂತ ದಿನಾ ಸಂಜೆ ನಿಮ್ಮದೇ ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದಿಡಿ.