ನೀಲಿ ಬೆಳಕಿಗೂ ಅಳತೆ ಬೇಕು

ದಿನ ತುಂಬಿ ಹುಟ್ಟಿದ ಕೂಸುಗಳಲ್ಲಿ ನೂರಕ್ಕೆ ಸುಮಾರು 60, ದಿನ ತುಂಬದೆ ಹುಟ್ಟಿದವುಗಳಲ್ಲಿ ಸುಮಾರು 80 ಕೂಸುಗಳು ಮೊದಲ ವಾರದಲ್ಲಿ ಹಳದಿಯಾಗುತ್ತವೆ. ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ನನ್ನು ಹೊರಹಾಕಲು ಎಳೆಯ ಯಕೃತ್ತಿಗೆ ಇನ್ನೂ ಶಕ್ತಿ ಸಾಲದಿರುವುದೇ ಇದಕ್ಕೆ ಮುಖ್ಯ ಕಾರಣ. ಬಹುತೇಕ ಮಕ್ಕಳಲ್ಲಿ ಈ ಕಾಮಾಲೆ ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಬಿಲಿರುಬಿನ್ ಮಿತಿಮೀರಿ ಏರಿ ಮಿದುಳನ್ನು ಸೇರಿದರೆ ಕಿವುಡುತನ, ಕೈಕಾಲುಗಳ ಹತೋಟಿ ತಪ್ಪುವಂಥ ಶಾಶ್ವತ ಹಾನಿ ಆಗಬಹುದು. 1950ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಒಂದು ಸಂಗತಿ ಗಮನಿಸಿದರು: ಬಿಸಿಲು ಬಿದ್ದ ಕಡೆ ಕೂಸಿನ ಮೈ ತಿಳಿಯಾಗಿತ್ತು, ಬಟ್ಟೆ ಮುಚ್ಚಿದ್ದ ಕಡೆ ಹಳದಿ ಹಾಗೇ ಉಳಿದಿತ್ತು. ಡಾ. ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ಅದರ ಜಾಡು ಹಿಡಿದು 1958ರಲ್ಲಿ ಬೆಳಕಿನ ಚಿಕಿತ್ಸೆಯನ್ನು (ಫೋಟೊಥೆರಪಿ) ಪ್ರಕಟಿಸಿದರು. ಇಂದು ನಮ್ಮಲ್ಲಿ ‘ಮಗುವನ್ನು ಲೈಟಿಗೆ ಇಟ್ಟಿದ್ದಾರೆ’ ಎನ್ನುವುದು ಇದನ್ನೇ.

460ರಿಂದ 490 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್ ಅಣುವಿನ ಆಕಾರವನ್ನೇ ಬದಲಿಸುತ್ತದೆ. ಹಾಗೆ ಬದಲಾದ ಅಣು ಯಕೃತ್ತಿನ ಸಂಸ್ಕರಣೆಗೆ ಕಾಯದೆ ಪಿತ್ತದಲ್ಲಿ, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅಂದಮೇಲೆ ಈ ಬೆಳಕು ಔಷಧವೇ, ಔಷಧವಾದರೆ ಪ್ರಮಾಣವೂ ಇರಲೇಬೇಕು. ತೀವ್ರ ಚಿಕಿತ್ಸೆಗೆ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ ಕನಿಷ್ಠ 30 ಮೈಕ್ರೋವ್ಯಾಟ್ ಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಆ ಮಟ್ಟವನ್ನು ನಮ್ಮ ಕಣ್ಣು ಅಳೆಯಲಾರದು, ಅದಕ್ಕೆ ಬೆಳಕು ಅಳೆಯುವ ಮೀಟರೇ ಬೇಕು. ಹಗಲಲ್ಲಿ ಕಣ್ಣಿಗೆ ಹಸಿರು ಬೆಳಕೇ ಹೆಚ್ಚು ಕಾಣುವುದು, ನೀಲಿಗೆ ಅದು ಮಂದ. ಯಂತ್ರದ ಟ್ಯೂಬು ಹಳತಾಗಿ ಸತ್ವ ಅರ್ಧಕ್ಕಿಳಿದರೂ ವಾರ್ಡಿನಲ್ಲಿ ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದೆ. ಮೇಲಿನ ಪ್ಲಾಸ್ಟಿಕ್ ಹಾಳೆಗೆ ಧೂಳಿನ ತೆಳು ಪದರ ಕೂತಿರಬಹುದು, ಯಾರೋ ಯಂತ್ರವನ್ನು ಒಂದು ಗೇಣು ಮೇಲೇರಿಸಿರಬಹುದು, ಬೆಳಕಿನ ನಡುಭಾಗ ಮಗುವಿನ ಎದೆಯ ಬದಲು ಹಾಸಿಗೆಯ ಅಂಚಿಗೆ ಬೀಳುತ್ತಿರಬಹುದು. ಇವೆಲ್ಲ ಚಿಕಿತ್ಸೆಯ ಪ್ರಮಾಣವನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತವೆ.

ಆದರೂ ಮಕ್ಕಳು ಗುಣವಾಗಿಯೇ ಮನೆಗೆ ಹೋಗುತ್ತಿದ್ದಾರಲ್ಲ ಎಂದು ಕೇಳಬಹುದು. ಇಡೀ ಸಮಸ್ಯೆಯ ಗಂಟು ಇಲ್ಲೇ ಇದೆ. ಬಹುತೇಕ ಕಾಮಾಲೆ ಚಿಕಿತ್ಸೆಯಿಲ್ಲದೆಯೂ ಇಳಿಯುವುದರಿಂದ, ಸತ್ವಹೀನ ಯಂತ್ರಕ್ಕೂ ಒಳ್ಳೆಯ ಹೆಸರು ಸಿಗುತ್ತದೆ. ಅದರ ದೋಷ ಬಯಲಾಗುವುದು ತಾಯಿಯ ರಕ್ತದ ಗುಂಪಿನೊಡನೆ ಹೊಂದದೆ ಬಿಲಿರುಬಿನ್ ಗಂಟೆಗಂಟೆಗೆ ಏರುವ ಮಗು ಬಂದಾಗ. ಆಗ ಸಮಯ ಇರುವುದಿಲ್ಲ, ರಕ್ತ ಬದಲಿಸುವ ಅಪಾಯದ ಚಿಕಿತ್ಸೆಗೆ ಇಳಿಯಬೇಕಾಗುತ್ತದೆ. ಎಲ್‌ಇಡಿ ಬಂದಮೇಲೆ ಈ ಚಿಂತೆ ಇಲ್ಲ ಎನ್ನುವವರೂ ಇದ್ದಾರೆ. ಎಲ್‌ಇಡಿ ಸಾವಿರಾರು ಗಂಟೆ ಹೆಚ್ಚು ಬಾಳುತ್ತದೆ, ಬಿಸಿಯೂ ಕಡಿಮೆ, ನಿಜ. ಆದರೆ ಅದೂ ಮಸುಕಾಗುತ್ತದೆ, ಧೂಳೂ ದೂರವೂ ಅದಕ್ಕೂ ಅನ್ವಯಿಸುತ್ತವೆ. ಒಂದೇ ದೀಪಕ್ಕೆ ಒಂದೊಂದು ಮೀಟರು ಒಂದೊಂದು ಅಂಕಿ ತೋರಿಸುತ್ತದಲ್ಲ ಎಂಬ ಆಕ್ಷೇಪ ಹೆಚ್ಚು ಗಟ್ಟಿ. ಹಾಗಾಗಿಯೇ ತಯಾರಕರು ಆ ಯಂತ್ರಕ್ಕೆಂದು ಸೂಚಿಸಿದ ಮೀಟರನ್ನೇ ಬಳಸಿ, ಮಗು ಮಲಗುವ ಎತ್ತರದಲ್ಲಿ ನಾಲ್ಕೈದು ಕಡೆ ಅಳೆದು, ದಿನಾಂಕದೊಡನೆ ಬರೆದಿಡಬೇಕು. ಹಿಂದಿನ ಅಂಕಿಗಿಂತ ಎಷ್ಟು ಇಳಿದಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಸರ್ಕಾರಿ ಆಸ್ಪತ್ರೆಗೆ ಫೋಟೊಥೆರಪಿ ಯಂತ್ರ ದಾನ ಕೊಡುವ ಸಂಘ ಸಂಸ್ಥೆಗಳು ಅದರ ಜೊತೆಗೇ ಮೀಟರನ್ನೂ ಕೊಡಲಿ, ಅಳತೆಯ ಪುಸ್ತಕವನ್ನು ಆಗಾಗ ಕೇಳಿ ನೋಡಲಿ.